ಗಾಳದ ರೀಲ್ ಕೊಳ್ಳುವ ಮುನ್ನ

ಸಂಜೆ ಐದರ ಹೊತ್ತಿಗೆ ಉಳ್ಳಾಲದ ಕೋಟೆಪುರದ ಕಡೆಗೋ, ಶಾಂಭವಿ ಮತ್ತು ನಂದಿನಿ ನದಿಗಳು ಜೊತೆಯಾಗಿ ಕಡಲು ಸೇರುವ ಸಸಿಹಿತ್ಲಿಗೋ ಒಮ್ಮೆ ಹೋಗಿ ನೋಡಿ. ಅಳಿವೆಯ ಬಳಿ ಉದ್ದುದ್ದ ಗಾಳದ ಕೋಲು ಹಿಡಿದು ನಿಂತವರಲ್ಲಿ ನಿಮ್ಮ ಮಗನೋ, ತಮ್ಮನೋ, ರಜೆಯಲ್ಲಿ ಊರಿಗೆ ಬಂದ ಯಜಮಾನರೋ ಇರಬಹುದು. ಅವರು ಮನೆಗೆ ಬಂದು "ಒಂದು ಒಳ್ಳೆಯ ರೀಲ್ ಬೇಕು" ಎಂದಾಗ ದುಡ್ಡಿನ ಲೆಕ್ಕ ನೋಡುವವರು ನಾವೇ. ಮೀನು ಮಾರುಕಟ್ಟೆಯಲ್ಲೇ ಸಿಗುವಾಗ ಇದಕ್ಕೇಕೆ ಖರ್ಚು ಎಂದು ಗೊಣಗುವವರೂ ನಾವೇ. ಹಾಗಾಗಿ ಸಹೋದರಿಯರೇ, ಈ ವಸ್ತುವಿನ ಬಗ್ಗೆ ನಮಗೂ ನಾಲ್ಕು ಮಾತು ಗೊತ್ತಿರುವುದು ಒಳ್ಳೆಯದು.

ನಾನು ಕಲಿತದ್ದು ಕೈ ಸುಟ್ಟುಕೊಂಡ ಮೇಲೆ. ಮಗ ಹತ್ತನೇ ತರಗತಿ ಪಾಸಾದಾಗ ಎಂಟುನೂರೈವತ್ತು ರೂಪಾಯಿಗೆ ಕೋಲು, ರೀಲ್, ದಾರ, ಕೊಕ್ಕೆ ಎಲ್ಲ ಸೇರಿದ ಒಂದು ಸೆಟ್ ಕೊಡಿಸಿದೆ. ಪೆಟ್ಟಿಗೆಯ ಮೇಲೆ "12 ಬೇರಿಂಗ್" ಎಂದು ದಪ್ಪ ಅಕ್ಷರದಲ್ಲಿತ್ತು. ಹನ್ನೆರಡು ಎಂದರೆ ಏನೋ ದೊಡ್ಡದೇ ಇರಬೇಕು ಎಂದುಕೊಂಡೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಿಡಿ ಕರಕರ ಎನ್ನತೊಡಗಿತು. ಒಂದು ದಿನ ದೊಡ್ಡ ಮೀನೊಂದು ಕಚ್ಚಿ ಎಳೆದಾಗ ದಾರ ಬಿಟ್ಟುಕೊಡಬೇಕಾದ ರೀಲ್ ಬಿಗಿದುಕೊಂಡಿತು. ಹುಡುಗ ಮುಗ್ಗರಿಸಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಬಿದ್ದ. ಪಕ್ಕದಲ್ಲಿದ್ದವರು ಅಂಗಿ ಹಿಡಿದು ಎಳೆದುಕೊಂಡದ್ದರಿಂದ ನೀರಿಗೆ ಬೀಳಲಿಲ್ಲ. ಮೊಣಕಾಲಿಗೆ ಮೂರು ಹೊಲಿಗೆ. "ಉಮ್ಮಾ, ಮೀನು ತಪ್ಪಿಹೋಯಿತು" ಎಂಬುದಷ್ಟೇ ಅವನ ದುಃಖ. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಬುಧಾಬಿಯಲ್ಲಿರುವ ನನ್ನ ತಮ್ಮ ರಜೆಯಲ್ಲಿ ಬಂದಿದ್ದ. ಅಲ್ಲಿ ಬಿಡುವು ಸಿಕ್ಕಾಗ ಗಾಳ ಹಾಕುವುದು ಅವನ ಅಭ್ಯಾಸ. ಆ ರೀಲನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಹರಡಿದ. ಒಳಗೆಲ್ಲ ತುಕ್ಕು. "ಮೋನೇ, ಪೆಟ್ಟಿಗೆ ಓದಿ ರೀಲ್ ತೆಗೆದುಕೊಳ್ಳಬಾರದು, ಹಿಡಿ ತಿರುಗಿಸಿ ತೆಗೆದುಕೊಳ್ಳಬೇಕು" ಎಂದು ಮಗನಿಗೆ ಹೇಳಿದ. ಪಕ್ಕದಲ್ಲಿ ಕುಳಿತು ನಾನೂ ಕೇಳಿಸಿಕೊಂಡೆ.

ಸ್ಪಿನ್ನಿಂಗ್ ರೀಲ್ ಎಂದರೆ ಏನು ಎಂದು ಹೊಲಿಗೆ ಬಲ್ಲವರಿಗೆ ವಿವರಿಸುವುದು ಸುಲಭ. ನೂಲಿನ ಉಂಡೆಯನ್ನು ಉರುಳಿಸಿ ಬಿಚ್ಚುವುದು ಒಂದು ಬಗೆ. ಉಂಡೆಯನ್ನು ನಿಲ್ಲಿಸಿಟ್ಟು ಅದರ ತಲೆಯ ಮೇಲಿನಿಂದ ನೂಲು ಎಳೆಯುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ನೂಲು ತಡೆಯಿಲ್ಲದೆ ಸರಸರನೆ ಬರುತ್ತದೆ. ಈ ರೀಲಿನಲ್ಲಿ ಸ್ಪೂಲ್ ಹಾಗೆಯೇ ನಿಂತಿರುತ್ತದೆ, ಎಸೆದಾಗ ದಾರ ಅದರ ಬಾಯಿಯ ಮೇಲಿನಿಂದ ಹಾರಿ ಹೋಗುತ್ತದೆ. ಹಿಡಿ ತಿರುಗಿಸಿದರೆ ತಂತಿಯ ಕಮಾನೊಂದು ಸುತ್ತುತ್ತಾ ದಾರವನ್ನು ಮತ್ತೆ ಸುತ್ತಿಕೊಡುತ್ತದೆ. 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದ ಹೋಲ್ಡನ್ ಇಲಿಂಗ್‌ವರ್ತ್ ಇಂಗ್ಲೆಂಡಿನ ಬಟ್ಟೆ ಉದ್ಯಮಿಯಾಗಿದ್ದ. ಗಿರಣಿಯ ನೂಲು ಕಂಡವನಿಗೇ ಈ ಉಪಾಯ ಹೊಳೆದದ್ದರಲ್ಲಿ ಆಶ್ಚರ್ಯವೇನಿದೆ?

ಈಗ ಕೊಳ್ಳುವ ಮಾತಿಗೆ ಬರೋಣ. ಮೊದಲು ಅಳತೆ. ರೀಲಿನ ಮೇಲೆ 1000, 2500, 4000 ಎಂಬ ಸಂಖ್ಯೆಗಳಿರುತ್ತವೆ. ಹೊಳೆಯಲ್ಲಿ ಕಾಣೆಯಂಥ ಸಣ್ಣ ಮೀನು ಹಿಡಿಯಲು 2500 ಸಾಕು. ಅಳಿವೆಯ ಕಲ್ಲಿನ ಮೇಲೆ ನಿಂತು ಕುರುಡಿ, ಮುರುಮೀನು ಆಸೆಪಡುವವರಿಗೆ 4000 ಬೇಕು. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಉಪ್ಪುನೀರಿನವರು 4000ನ್ನೇ ಕೊಳ್ಳುವುದು ಲೇಸು. ಈ ಸಂಖ್ಯೆಗಳು ಎಲ್ಲ ಕಂಪೆನಿಗಳಲ್ಲೂ ಒಂದೇ ಸಮನಾಗಿರುವುದಿಲ್ಲ, ಆದ್ದರಿಂದ ಕೈಯಲ್ಲಿ ಹಿಡಿದು, ಮನೆಯ ಕೋಲಿಗೆ ಕೂಡಿಸಿಯೇ ನೋಡಬೇಕು.

ಬೇರಿಂಗ್ ಲೆಕ್ಕಕ್ಕೆ ಮರುಳಾಗಬೇಡಿ. ತುಕ್ಕು ಹಿಡಿಯುವ ಹನ್ನೆರಡಕ್ಕಿಂತ ಚೆನ್ನಾಗಿ ಮುಚ್ಚಿದ ಮೂರು ನಾಲ್ಕು ಬೇರಿಂಗ್ ಎಷ್ಟೋ ವಾಸಿ. ಹಾಗೆಯೇ "5.2:1" ಎಂಬ ಬರಹವನ್ನೂ ನೋಡಿರುತ್ತೀರಿ. ಹಿಡಿ ಒಂದು ಸುತ್ತು ತಿರುಗಿದರೆ ಕಮಾನು ಐದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ ಎಂದಷ್ಟೇ ಅದರ ಅರ್ಥ. ದೊಡ್ಡ ಸಂಖ್ಯೆ ಎಂದರೆ ಉತ್ತಮ ಎಂದಲ್ಲ, ವೇಗ ಹೆಚ್ಚು ಎಂದು. ಭಾರದ ಮೀನು ಎಳೆಯುವಾಗ ಆ ವೇಗವೇ ಕೈಗೆ ಭಾರವಾಗುತ್ತದೆ.

ನಿಜವಾಗಿ ದುಡ್ಡು ಕೊಡಬೇಕಾದದ್ದು ಡ್ರ್ಯಾಗಿಗೆ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ಅಷ್ಟಷ್ಟೇ ಬಿಟ್ಟುಕೊಡುವ ಬಿಗಿತವದು. ಸ್ಪೂಲಿನ ನೆತ್ತಿಯ ಗುಂಡಿ ತಿರುಗಿಸಿದರೆ ಬಿಗಿಯೂ ಆಗುತ್ತದೆ, ಸಡಿಲವೂ ಆಗುತ್ತದೆ. ನನ್ನ ಮಗನನ್ನು ಬೀಳಿಸಿದ್ದು ಇದೇ ಡ್ರ್ಯಾಗ್. ಅಂಗಡಿಯಲ್ಲಿ ಸ್ವಲ್ಪ ದಾರ ಸುತ್ತಿಸಿ, ಗುಂಡಿಯನ್ನು ಹದವಾಗಿ ಬಿಗಿದು, ದಾರವನ್ನು ಮೊದಲು ಮೆಲ್ಲಗೆ, ಆಮೇಲೆ ರಪ್ಪನೆ ಎಳೆಯಿರಿ. ಎರಡು ಸಲವೂ ಒಂದೇ ಸಮನೆ ಬಂದರೆ ಒಳ್ಳೆಯದು. ತಡೆದು ತಡೆದು ಜಗ್ಗಿ ಬಂದರೆ ಆ ರೀಲನ್ನು ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ರಿಯಾಯಿತಿ ಇರಲಿ.

ಉಳಿದ ಪರೀಕ್ಷೆಗೆ ಐದು ನಿಮಿಷ ಸಾಕು. ಹಿಡಿಯನ್ನು ನಿಧಾನಕ್ಕೆ ತಿರುಗಿಸಿ ಕಿವಿಗೊಡಿ. ಹಿಡಿ ಅತ್ತಿತ್ತ ಅಲುಗಾಡುತ್ತದೆಯೇ, ಹಿಂದಕ್ಕೆ ಜಾರುತ್ತದೆಯೇ ನೋಡಿ. ತಂತಿಯ ಕಮಾನನ್ನು ಹತ್ತು ಸಲ ತೆರೆದು ಮುಚ್ಚಿ. ಕಮಾನಿನ ತುದಿಯಲ್ಲಿ ದಾರ ಹಾಯುವ ಪುಟ್ಟ ಉರುಳೆ ಬೆರಳು ಸೋಕಿದರೆ ತಿರುಗಬೇಕು, ಅದು ತಿರುಗದಿದ್ದರೆ ದಾರ ಸವೆದುಹೋಗುತ್ತದೆ. ಇನ್ನು ನಮ್ಮ ಕೈಚಳಕದ ಒಂದು ಪರೀಕ್ಷೆ ಇದೆ: ಪರ್ಸಿನಲ್ಲಿ ಸ್ವಲ್ಪ ಹತ್ತಿ ಇಟ್ಟುಕೊಂಡು ಹೋಗಿ ಸ್ಪೂಲಿನ ಅಂಚಿನ ಸುತ್ತ ಸವರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಅಂಚು ಒರಟಾಗಿದೆ. ಅಂಗಡಿಯವನು ನಗಬಹುದು, ನಗಲಿ.

ಬೆಲೆ ಎಷ್ಟಿರಬೇಕು? ಹೆಸರುವಾಸಿ ಕಂಪೆನಿಗಳ ಆರಂಭದ ಮಾದರಿಗಳು ಸುಮಾರು ಒಂದೂವರೆಯಿಂದ ಮೂರು ಸಾವಿರ ರೂಪಾಯಿಗೆ ಸಿಗುತ್ತವೆ. ಜಪಾನಿನ ಶಿಮಾನೊ 1921ರಲ್ಲಿ ಸೈಕಲ್ ಬಿಡಿಭಾಗಗಳಿಂದ ಆರಂಭವಾದ ಕಂಪೆನಿ, ಗಾಳದ ಸಾಮಾನಿಗೆ ಇಳಿದದ್ದು 1970ರಲ್ಲಿ. ದೈವಾ ಕೂಡ ಜಪಾನಿನದೇ. ಅಮೆರಿಕದ ಪೆನ್ 1932ರಿಂದ ಕಡಲ ಮೀನುಗಾರಿಕೆಗೆ ಹೆಸರಾದದ್ದು. ಇವುಗಳ ದುಬಾರಿ ಮಾದರಿ ನಮಗೆ ಬೇಡ, ಕಡಿಮೆ ಬೆಲೆಯದೇ ಸಾಕು. ಆದರೆ ಇದೇ ಹೆಸರಿನ ನಕಲಿಗಳೂ ಇವೆ. ಹೆಸರಿನಲ್ಲಿ ಒಂದಕ್ಷರ ಆಚೀಚೆ ಇದ್ದರೆ, ಬೆಲೆ ನಂಬಲಾಗದಷ್ಟು ಇಳಿದಿದ್ದರೆ ಎಚ್ಚರ. ಬಿಲ್ ಕೇಳಿ ಪಡೆಯಿರಿ. ಗಲ್ಫಿನಿಂದ ತರಿಸುವುದಾದರೆ, ಕೆಟ್ಟಾಗ ಬಿಡಿಭಾಗ ಊರಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಊರಿಗೆ ಬಂದ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ.

ದಾರದಲ್ಲೂ ಉಳಿತಾಯವಿದೆ. ಹೆಣೆದ ದಾರ ತೆಳ್ಳಗಿದ್ದೂ ಗಟ್ಟಿ, ಆದರೆ ಬೆಲೆ ಹೆಚ್ಚು. ಸ್ಪೂಲಿನ ತಳಕ್ಕೆ ಅಗ್ಗದ ತಂಗೂಸಿ ಸುತ್ತಿ, ಅದರ ಮೇಲೆ ಹೆಣೆದ ದಾರ ಸುತ್ತಿದರೆ ದುಡ್ಡೂ ಉಳಿಯುತ್ತದೆ, ದಾರ ಸ್ಪೂಲಿನ ಮೇಲೆ ಜಾರುವುದೂ ತಪ್ಪುತ್ತದೆ. ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲುವಷ್ಟು ತುಂಬಬೇಕು. ತೀರಾ ತುಂಬಿದರೆ ಎಸೆದಾಗ ಗಂಟುಗಂಟಾಗಿ ಉದುರುತ್ತದೆ. ಡ್ರ್ಯಾಗಿನ ಬಿಗಿತ ದಾರ ತಾಳುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಿರಲಿ. ಹತ್ತು ಕಿಲೋ ತಾಳುವ ದಾರಕ್ಕೆ ಎರಡೂವರೆಯಿಂದ ಮೂರು ಕಿಲೋ. ಹಳೆ ಪೇಪರಿನವನ ಕೈಯಲ್ಲಿರುವಂಥ ಕೊಕ್ಕೆಯ ತಕ್ಕಡಿಗೆ ದಾರ ಸಿಕ್ಕಿಸಿ ಎಳೆದು ನೋಡಿದರೆ ತಿಳಿಯುತ್ತದೆ.

ಮನೆಗೆ ತಂದ ಮೇಲೆ ರೀಲಿನ ಆಯುಸ್ಸು ಬಚ್ಚಲುಮನೆಯಲ್ಲಿ ತೀರ್ಮಾನವಾಗುತ್ತದೆ. ಉಪ್ಪುನೀರಿನಿಂದ ಬಂದ ದಿನವೇ ಡ್ರ್ಯಾಗಿನ ಗುಂಡಿಯನ್ನು ಬಿಗಿದು, ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಬೇಕು. ಪೈಪಿನಿಂದ ರಭಸವಾಗಿ ಹಾಯಿಸಿದರೆ ಉಪ್ಪು ಇನ್ನೂ ಒಳಕ್ಕೆ ಹೋಗುತ್ತದೆ. ಬಕೆಟಿನಲ್ಲಿ ಮುಳುಗಿಸಿಡುವುದಂತೂ ಬೇಡ. ಒರೆಸಿ ನೆರಳಲ್ಲಿ ಒಣಗಿಸಿದ ಮೇಲೆ ಗುಂಡಿಯನ್ನು ಸಡಿಲಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಬಿಲ್ಲೆಗಳು ಅಂಟಿಕೊಳ್ಳುತ್ತವೆ. ನಮ್ಮ ಮನೆಯ ರೀಲಿಗೆ ಈ ಒಂದು ಆರೈಕೆಯೂ ಸಿಕ್ಕಿರಲಿಲ್ಲ. ಅರ್ಧ ತಪ್ಪು ಅಗ್ಗದ ಸಾಮಾನಿನದು, ಇನ್ನರ್ಧ ನಮ್ಮದೇ. ದಾರದ ಉರುಳೆಗೂ ಹಿಡಿಯ ಗುಬ್ಬಿಗೂ ಆಗಾಗ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ತೊಟ್ಟು ಬಿಟ್ಟರೆ ಸಾಕು. ತೆಂಗಿನೆಣ್ಣೆ ಹಾಕಬೇಡಿ, ಅಂಟಾಗಿ ಧೂಳು ಹಿಡಿಯುತ್ತದೆ. ಡ್ರ್ಯಾಗಿನ ಬಿಲ್ಲೆಗಳಿಗೆ ಈ ಎಣ್ಣೆ ತಗಲಿಸಲೇಬಾರದು.

ಕೊನೆಗೆ ಮಗನಿಗೆ ಎರಡು ಸಾವಿರದ ಇನ್ನೂರು ರೂಪಾಯಿಯ ರೀಲ್ ಬಂತು. ಮೊದಲ ಸೆಟ್ಟಿನ ದುಡ್ಡೂ ಇದಕ್ಕೇ ಸೇರಿದ್ದರೆ ಇನ್ನೂ ಒಂದು ಮೆಟ್ಟಿಲು ಮೇಲಿನದು ಬರುತ್ತಿತ್ತು. ಜೊತೆಗೆ ನನ್ನ ಷರತ್ತುಗಳೂ ಇದ್ದವು: ಕಲ್ಲಿನ ಮೇಲೆ ಒಬ್ಬನೇ ಹೋಗುವಂತಿಲ್ಲ, ಜಾರದ ಚಪ್ಪಲಿ ಬೇಕು, ಗುಡುಗು ಕೇಳಿದೊಡನೆ ಕೋಲು ಮಡಚಿ ಹಿಂದಿರುಗಬೇಕು. ಕಾರ್ಬನ್ ಕೋಲು ಸಿಡಿಲನ್ನು ಕರೆಯುವ ವಸ್ತು. ಆ ರೀಲಿಗೆ ಈಗ ನಾಲ್ಕನೇ ಮಳೆಗಾಲ. ಮೊನ್ನೆ ಮಗ ಇಲ್ಲದ ಹೊತ್ತಿನಲ್ಲಿ ಹೊಳೆಬದಿಗೆ ಹೋಗಿ ನಾನೇ ಎರಡು ಕಾಣೆ ಹಿಡಿದು ತಂದೆ. ಸಾರಿಗೆ ಸಾಲದೆಂದು ಹುರಿದೆ.