ಹಸಿರು ಸೀರೆ ಕಪ್ಪಾದ ರಾತ್ರಿ

ಕರೆಂಟು ಹೋಯಿತು. ಅದಕ್ಕೇ ಕಾದಿದ್ದವಳಂತೆ ಅಕ್ಕನ ಮಗಳು ಎದ್ದಳು. ಗಳದ ಮೇಲಿದ್ದ ಅಮ್ಮನ ಹಸಿರು ಸೀರೆ ಎಳೆದು ಹೆಗಲಿಗೆ ಹಾಕಿಕೊಂಡಳು. ನನ್ನ ಕೈಗೆ ಹಳೇ ಟಾರ್ಚು ಕೊಟ್ಟು, ಅದರ ಬಾಯಿಗೆ ಕೆಂಪು ಜೆಲ್ ಹಾಳೆಯೊಂದನ್ನು ಸುತ್ತಿ, "ಈಗ ಬಿಡಿ ಮಾಮ" ಅಂದಳು.

ಬಿಟ್ಟೆ. ಸೀರೆ ಕಪ್ಪು! ಕಾವಲಿ ತಳದಂಥ ಕಪ್ಪು! ಹಾಳೆ ತೆಗೆದರೆ ಹಸಿರು, ಸುತ್ತಿದರೆ ಕಪ್ಪು. ಆರೇಳು ಸಲ ತೆಗೆದೆ, ಸುತ್ತಿದೆ. ಹಸಿರು ಬಟ್ಟೆ ಹಸಿರು ಬೆಳಕನ್ನಷ್ಟೇ ವಾಪಸು ಕಳಿಸುವುದು. ಕೆಂಪು ಬೆಳಕಿನಲ್ಲಿ ಹಸಿರೇ ಇಲ್ಲದ ಮೇಲೆ ಕಳಿಸುವುದೇನನ್ನು? ಹೈಸ್ಕೂಲಿನಲ್ಲಿ ಈ ಪಾಠ ಬಾಯಿಪಾಠ ಮಾಡಿ ಮಾರ್ಕು ತೆಗೆದವನೇ ನಾನು. ಕಣ್ಣಾರೆ ಕಂಡದ್ದು ಮಾತ್ರ ಈಗ, ನಲವತ್ತೆಂಟು ತುಂಬಿದ ಮೇಲೆ, ನಮ್ಮನೆ ನಡುಮನೆಯಲ್ಲಿ.

ಹುಡುಗಿ ಓದುತ್ತಿರುವುದು ಹೆಗ್ಗೋಡಿನಲ್ಲಿ, ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ. ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ 1980ರಲ್ಲಿ ಶುರುಮಾಡಿದ ಶಾಲೆ ಅದು. 1985ರಿಂದ ಅಲ್ಲಿನ 'ತಿರುಗಾಟ' ಊರೂರಿಗೆ ನಾಟಕ ಹೊತ್ತು ಬರುತ್ತಿದೆ. ಎಷ್ಟೋ ನಾಟಕ ನೋಡಿದ್ದೇನೆ, ಚಪ್ಪಾಳೆ ಹೊಡೆದಿದ್ದೇನೆ. ಆದರೂ ಅವಳು ಸೇರುತ್ತೇನೆಂದಾಗ ನನ್ನ ಬಾಯಲ್ಲಿ ಬಂದದ್ದು, "ಮಾತು ಉರು ಹೊಡೆಯೋಕೆ ವರ್ಷಗಟ್ಟಲೆ ಓದಬೇಕಾ ಪುಟ್ಟಿ?" ರಜೆಗೆ ಬಂದವಳು ಮೂರೇ ದಿನದಲ್ಲಿ ಆ ಮಾತನ್ನು ನನ್ನ ಕೈಯಿಂದಲೇ ನುಂಗಿಸಿದಳು.

ಟಾರ್ಚನ್ನು ಗಲ್ಲದ ಕೆಳಗೆ ಹಿಡಿದರೆ ಹುಡುಗಿ ರಕ್ಕಸಿ. ನೆತ್ತಿಯ ಮೇಲೆ ಹಿಡಿದರೆ ಕಣ್ಣು ಎರಡು ಗುಳಿ, ಮುಖ ಬುರುಡೆ. ಎದುರಿಗೇ ಹಿಡಿದರೆ ಮೂಗು ಮಾಯ, ಮುಖ ಒತ್ತಿದ ರೊಟ್ಟಿಯಷ್ಟು ಚಪ್ಪಟೆ! "ಈಗ ಮೇಲಿಂದ ಓರೆಯಾಗಿ, ಎರಡೂ ಪಕ್ಕದಿಂದ" ಅಂದಳು. ಒಂದು ಕೈಯಲ್ಲಿ ಹಳದಿ ಬಲ್ಬಿನ ಟಾರ್ಚು, ಇನ್ನೊಂದರಲ್ಲಿ ಮೊಬೈಲಿನ ಬಿಳಿ ಬೆಳಕು. ಒಂದು ಕೆನ್ನೆ ಬೆಚ್ಚಗೆ, ಇನ್ನೊಂದು ತಣ್ಣಗೆ, ನಡುವೆ ಮೂಗು ಎದ್ದು ನಿಂತಿತು. ಮುಖಕ್ಕೆ ಜೀವ ಬಂತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೇಷ್ಟ್ರು ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ 1932ರಲ್ಲಿ ಪುಸ್ತಕ ಬರೆದು ಹೇಳಿದ ಉಪಾಯವಂತೆ ಇದು: 45 ಡಿಗ್ರಿ ಓರೆ, ಎರಡು ಪಕ್ಕ, ಎರಡು ಬಣ್ಣ. ಅಮ್ಮ ಮಾತ್ರ, "ಸೀರೆ ಮಡಿಸಿಡಿ" ಅಂದರು.

ಬೆಳಿಗ್ಗೆ ಅಂಗಳದಲ್ಲಿ ಇನ್ನೊಂದು. "ಇದು ಹಸ್ತಿನಾವತಿ" ಅಂತ ತುಳಸಿಕಟ್ಟೆ ಎದುರು ನಿಂತಳು, ಒಂದು ಸುತ್ತು ನಡೆದಳು, ಅಲ್ಲೇ ಬಂದು ನಿಂತು "ಇದು ದ್ವಾರಕೆ" ಅಂದಳು. ನನಗೆ ನಗು. ಯಕ್ಷಗಾನದಲ್ಲಿ ಹುಟ್ಟಿದಾಗಿನಿಂದ ನೋಡಿದ್ದೇ ಅಲ್ಲವೇ? ವೇಷ ಒಂದು ಸುತ್ತು ಹಾಕಿದರೆ ಊರು ಬದಲಾಯಿತು, ಅಷ್ಟೆ. ಅದಕ್ಕೊಂದು ಹೆಸರಿದೆ ಅಂತ ಯಾರಿಗೆ ಗೊತ್ತಿತ್ತು! ಕಕ್ಷ್ಯಾವಿಭಾಗ. ಭರತನ ನಾಟ್ಯಶಾಸ್ತ್ರದಲ್ಲೇ ಇದೆ. ಅದೇ ಶಾಸ್ತ್ರ ಮನುಷ್ಯರಿಗೆ ತಕ್ಕ ನಾಟಕಶಾಲೆ 64 ಮೊಳ ಉದ್ದ, 32 ಮೊಳ ಅಗಲ ಸಾಕು ಅನ್ನುತ್ತದೆ, ಅದರಲ್ಲಿ ಅರ್ಧ ಪ್ರೇಕ್ಷಕರಿಗೆ. ಇನ್ನೂ ದೊಡ್ಡದಾದರೆ ನಟನ ದನಿ ಒಡೆಯುತ್ತದೆ, ಮುಖದ ಭಾವ ಕಾಣುವುದಿಲ್ಲ. ಕಾರಣವನ್ನೂ ಬರೆದಿಟ್ಟಿದ್ದಾರೆ ಪುಣ್ಯಾತ್ಮರು! ಸಭಾಭವನ ಕಟ್ಟುವ ನಮ್ಮ ಕಾಂಟ್ರಾಕ್ಟರುಗಳ ಕೈಗೆ ಆ ಪುಟವೊಂದನ್ನು ಕೊಡಬೇಕು.

ಅಭಿನಯದ ವಿಷಯಕ್ಕೆ ಬಂದರೆ ತಲೆ ಇನ್ನಷ್ಟು ತಿರುಗುತ್ತದೆ. 1897ರಲ್ಲಿ ಮಾಸ್ಕೋದ ಹೋಟೆಲೊಂದರಲ್ಲಿ ಊಟಕ್ಕೆ ಸೇರಿದ ಸ್ಟಾನಿಸ್ಲಾವ್‌ಸ್ಕಿ, ನೆಮಿರೊವಿಚ್ ದಾನ್ಚೆಂಕೊ ಇಬ್ಬರೂ ನಾಟಕದ ಬಗ್ಗೆ ಮಾತಿಗೆ ಕೂತವರು ಎದ್ದದ್ದು ಹದಿನೆಂಟು ಗಂಟೆಯ ಮೇಲೆ! ಮರುವರ್ಷ ಮಾಸ್ಕೋ ಆರ್ಟ್ ಥಿಯೇಟರ್ ಹುಟ್ಟಿತು. 'ನಾನೇ ಈ ಸ್ಥಿತಿಯಲ್ಲಿ ಇದ್ದಿದ್ದರೆ?' ಎಂದು ನಟ ಕೇಳಿಕೊಳ್ಳಬೇಕು ಅಂದವರು ಸ್ಟಾನಿಸ್ಲಾವ್‌ಸ್ಕಿ. ಅದೇ ಮಾಸ್ಕೋಗೆ 1935ರಲ್ಲಿ ಚೀನಾದ ಸ್ತ್ರೀಪಾತ್ರಧಾರಿ ಮೇ ಲಾನ್‌ಫಾಂಗ್ ಬಂದ. ವೇಷವಿಲ್ಲ, ಬಣ್ಣವಿಲ್ಲ, ಬರೀ ಕೋಟು ತೊಟ್ಟುಕೊಂಡೇ ಹೆಣ್ಣಿನ ಪಾತ್ರ ಮಾಡಿ ತೋರಿಸಿದ. ನೋಡಿದವರಲ್ಲಿ ಜರ್ಮನಿಯ ಬ್ರೆಕ್ಟ್ ಇದ್ದ. ನಟ ಪಾತ್ರದೊಳಗೆ ಕರಗದೆ, ಪಕ್ಕದಲ್ಲಿ ನಿಂತು ಪಾತ್ರವನ್ನು ತೋರಿಸಬಲ್ಲ ಎಂಬ ತನ್ನ ವಿಚಾರಕ್ಕೆ ಅವನಿಗೆ ಸಾಕ್ಷಿಯೇ ಸಿಕ್ಕಂತಾಯಿತು.

ಕೋಟು ತೊಟ್ಟ ಹೆಣ್ಣು! ಇದನ್ನೆಲ್ಲ ಓದುತ್ತ ಓದುತ್ತ ನನಗೆ ನಮ್ಮ ತಾಳಮದ್ದಲೆ ನೆನಪಾಗಿ ಮೈ ಜುಮ್ಮೆಂದಿತು. ಪಂಚೆ ಶರಟಿನ ಅರ್ಥಧಾರಿ ಚಾಪೆಯ ಮೇಲೆ ಕೂತು, ಎಲೆಯಡಿಕೆ ಪಕ್ಕಕ್ಕೆ ತಳ್ಳಿ, "ಎಲೈ ಅರ್ಜುನ" ಅಂದರೆ ಅವನೇ ಕೃಷ್ಣ. ಯಾರೂ ಕಿರೀಟ ಎಲ್ಲಿ ಅಂತ ಕೇಳಿದ್ದಿಲ್ಲ. ಬ್ರೆಕ್ಟ್ ಮಹಾಶಯ ಒಂದು ಮಳೆಗಾಲ ನಮ್ಮ ಕಡೆ ಬಂದಿದ್ದರೆ ಏನು ಬರೆಯುತ್ತಿದ್ದನೋ!

ರಂಗಸಜ್ಜಿಕೆಯ ಪಾಠಕ್ಕೆ ಅವಳು ರಟ್ಟಿನಲ್ಲಿ ಮಾಡಿದ್ದ ಪುಟಾಣಿ ರಂಗವನ್ನೂ ತೋರಿಸಿದಳು. ಇಪ್ಪತ್ತೈದಕ್ಕೆ ಒಂದರ ಅಳತೆ. ಅದರಲ್ಲಿ ನಾನು ಏಳು ಸೆಂಟಿಮೀಟರಿನ ಮನುಷ್ಯ, ಹತ್ತಿರ ಹತ್ತಿರ ನನ್ನ ಕಿರುಬೆರಳಿನಷ್ಟು. ಕಿರುಬೆರಳನ್ನೇ ಬಾಗಿಲಲ್ಲಿ ನಿಲ್ಲಿಸಿ ನೋಡಿದೆ. ಬಾಗಿಲು ದೊಡ್ಡದಾಯಿತು ಅನ್ನಿಸಿತು. ಹೇಳಿದೆ. ಅವಳು ಸುಮ್ಮನೆ ಕತ್ತರಿ ತಂದಳು.

ಕೊನೆಯ ದಿನ ಮಧ್ಯಾಹ್ನ ಕೊಟ್ಟಿಗೆ ಹಿಂದಿನಿಂದ ತಗಡಿನ ಶೀಟೊಂದನ್ನು ಎಳೆದು ತಂದು ಮಾಡಿನ ತೊಲೆಗೆ ಹಗ್ಗದಲ್ಲಿ ತೂಗುಹಾಕಿದಳು. ತುದಿ ಹಿಡಿದು ಮೊದಲು ಮೆಲ್ಲಗೆ ಅಲುಗಿಸಿದಳು: ದೂರದಲ್ಲೆಲ್ಲೋ ಗುಡುಗು, ಘಟ್ಟದ ಕೆಳಗೆ. "ನೀವು ಮಾಡಿ ಮಾಮ." ನಾನು ಎರಡೂ ಕೈಯಲ್ಲಿ ಹಿಡಿದು ಮೈಯೆಲ್ಲ ಶಕ್ತಿ ಹಾಕಿ ಅಲ್ಲಾಡಿಸಿದೆ. ಮನೆಯ ಮೇಲೇ ಸಿಡಿಲು! ಮತ್ತೊಮ್ಮೆ! ಕಿವಿ ಗುಂಯ್‌ಗುಟ್ಟಿತು, ಬೆಕ್ಕು ಅಟ್ಟ ಸೇರಿತು, ನಾನು ಚಿಕ್ಕ ಹುಡುಗನಂತೆ ನಗುತ್ತಿದ್ದೆ. ನಿಲ್ಲಿಸಿ ಹೊರಗೆ ಇಣುಕಿದರೆ ಚುರುಗುಟ್ಟುವ ಬಿಸಿಲು. ಆ ಬಿಸಿಲಲ್ಲೇ ಪಕ್ಕದ ಮನೆ ಅಜ್ಜ, ಪಂಚೆ ಎತ್ತಿ ಕಟ್ಟಿಕೊಂಡು, ಅಂಗಳದಲ್ಲಿ ಹರವಿದ್ದ ಅಡಿಕೆಯ ಮೇಲೆ ಓಡೋಡಿ ಟಾರ್ಪಾಲು ಎಳೆಯುತ್ತಿದ್ದರು.