ಹವ್ಯಾಸಿ ಕಲಾವಿದರ ಕಂಠಸಂರಕ್ಷಣೆ: ಕೆಲವು ಪ್ರಾಯೋಗಿಕ ಸೂಚನೆಗಳು

ಹೂಗ್ಯಂ, ಹನೂರು, ಕೊಳ್ಳೇಗಾಲ, ಯಳಂದೂರುಗಳನ್ನೊಳಗೊಂಡ ನಮ್ಮ ಸೀಮೆಯು ಹಾಡಿನ ಸೀಮೆ. ಮಲೆಯ ಮಹದೇಶ್ವರನ ಕಥೆಯನ್ನು ಕಂಸಾಳೆಯೊಡನೆ ಹಾಡುವ ದೇವರಗುಡ್ಡರು, ಮಂಟೇಸ್ವಾಮಿ ಸಿದ್ಧಪ್ಪಾಜಿಯರ ಕಥೆಯನ್ನು ಹಾಡುವ ನೀಲಗಾರರು, ಗೋರುಕನ ಪದಕ್ಕೆ ಹೆಜ್ಜೆಹಾಕುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಲ್ಲಿಯವರು. ವರನಟ ಡಾ. ರಾಜ್‌ಕುಮಾರ್ ಅವರ ತಂದೆಯವರಾದ ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಕೊಳ್ಳೇಗಾಲದ ಕಡೆಯವರೇ. ಇಂತಹ ನೆಲದಲ್ಲಿ ಬೇಸಾಯ, ವ್ಯಾಪಾರ, ಉಪಾಧ್ಯಾಯ ವೃತ್ತಿಗಳ ನಡುವೆ ಬಿಡುವು ಮಾಡಿಕೊಂಡು ರಂಗವನ್ನೇರುವ ಹವ್ಯಾಸಿಗಳಿಗೆ ಕೊರತೆಯಿಲ್ಲ.

ಆದರೆ ಒಂದು ಸಂಗತಿ ವಿಚಾರಾರ್ಹವಾಗಿದೆ. ಚಿಕ್ಕಲ್ಲೂರು ಜಾತ್ರೆಯ ಕಾಲದಲ್ಲಿ ಬೆಳಗಿನವರೆಗೆ ಹಾಡಿದ ನೀಲಗಾರನು ಮರುದಿನವೂ ಹಾಡಲು ಸಿದ್ಧನಿರುತ್ತಾನೆ. ಒಂದೇ ರಾತ್ರಿ ಕುರುಕ್ಷೇತ್ರ ನಾಟಕವನ್ನಾಡಿದ ಹವ್ಯಾಸಿಯ ಕಂಠವೋ ಅನೇಕ ವೇಳೆ ವಾರಗಟ್ಟಲೆ ಕಟ್ಟಿಹೋಗುತ್ತದೆ. ಇದಕ್ಕೆ ದೈವದತ್ತವಾದ ಕಂಠವೇ ಕಾರಣವೆಂದು ಹೇಳಿ ಸುಮ್ಮನಾಗುವುದು ಸರಿಯಲ್ಲ. ಹಾಡುವ ಕ್ರಮದಲ್ಲಿಯೇ ಅದರ ಗುಟ್ಟು ಅಡಗಿದೆ.

ನೀಲಗಾರನ ಹೆಗಲಿನ ಮೇಲೆ ತಂಬೂರಿ ಸದಾ ಮಿಡಿಯುತ್ತಿರುತ್ತದೆ. ಶ್ರುತಿಯು ಕಿವಿಯಿಂದ ಒಂದು ಕ್ಷಣವೂ ದೂರವಾಗದು. ಅವನು ಎತ್ತಿಕೊಟ್ಟ ಸೊಲ್ಲನ್ನು ಹಿಮ್ಮೇಳದವರು ಸ್ವೀಕರಿಸಿ ಹಾಡುವಷ್ಟರಲ್ಲಿ ಅವನಿಗೆ ಉಸಿರು ಮರಳುತ್ತದೆ. ಹಾಡಿನ ನಡುವೆ ಬರುವ ಕಥನದ ಮಾತು ಕಂಠಕ್ಕೆ ವಿಶ್ರಾಂತಿಯನ್ನೀಯುತ್ತದೆ. ಆಧಾರಶ್ರುತಿ, ಹಂಚಿಕೆ, ವಿರಾಮ ಎಂಬ ಈ ಮೂರನ್ನೂ ನಮ್ಮ ಹವ್ಯಾಸಿಗಳು ಅನುಸರಿಸಬಹುದು.

ಮೊದಲನೆಯದು ಶ್ರುತಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಂಪನಿ ನಾಟಕದ ನಟರು ಕೊನೆಯ ಸಾಲಿನ ಪ್ರೇಕ್ಷಕನನ್ನು ತಲುಪಬೇಕಾಗಿತ್ತು. ಅದಕ್ಕಾಗಿ ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಅವರಿಗೆ ವರ್ಷಗಳ ಸಾಧನೆಯ ಬಲವಿತ್ತು. ಇಂದು ಮೈಕು ಬಂದರೂ ಏರುಶ್ರುತಿಯ ಮೋಹ ಹೋಗಿಲ್ಲ. ಸಾಮಾನ್ಯವಾಗಿ ಗಂಡಸರಿಗೆ 1ರಿಂದ 2 ಮನೆ, ಹೆಂಗಸರಿಗೆ 4½ರಿಂದ 6 ಮನೆ ಶ್ರುತಿ ಹೊಂದುತ್ತದೆಯಾದರೂ ಪ್ರತಿಯೊಬ್ಬರ ಕಂಠವೂ ಬೇರೆ. ಇದನ್ನು ಪರೀಕ್ಷಿಸುವುದು ಸುಲಭ. ಹಾಡಿನ ಅತ್ಯುಚ್ಚ ಸ್ವರವಿರುವ ಸಾಲನ್ನು ಮೂರು ಬಾರಿ ಹಾಡಿರಿ. ಕುತ್ತಿಗೆಯ ನರ ಉಬ್ಬಿದರೆ, ಗದ್ದ ಮೇಲೆದ್ದರೆ, ಶ್ರುತಿಯನ್ನು ಅರ್ಧ ಮನೆ ಇಳಿಸಿರಿ. ಭೀಮನಿಗೆ ಹೊಂದಿದ ಶ್ರುತಿ ಕೃಷ್ಣನಿಗೆ ಹೊಂದಬೇಕೆಂಬ ನಿಯಮವಿಲ್ಲ. ಪಾತ್ರಧಾರಿಗೆ ತಕ್ಕಂತೆ ಮನೆ ಬದಲಿಸಿ ನುಡಿಸುವುದು ಹಾರ್ಮೋನಿಯಂ ಮೇಷ್ಟರ ಕರ್ತವ್ಯ.

ಶಾಲೆಯ ಮಕ್ಕಳ ವಿಷಯದಲ್ಲಂತೂ ವಿಶೇಷ ಎಚ್ಚರಿಕೆ ಅಗತ್ಯ. ಸುಮಾರು 12ರಿಂದ 15ನೆಯ ವಯಸ್ಸಿನಲ್ಲಿ ಹುಡುಗರ ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ ಕಂಠ ಒಡೆಯುತ್ತದೆ. ಕಳೆದ ವರ್ಷ ಚೆನ್ನಾಗಿ ಹಾಡಿದ ಹುಡುಗನೆಂದು ಈ ವರ್ಷವೂ ಅದೇ ಶ್ರುತಿಯಲ್ಲಿ ಹಾಡಿಸುವುದು ಅವನಿಗೆ ಬಗೆಯುವ ಅನ್ಯಾಯ. ಅವನನ್ನು ದೂರವಿರಿಸದೆ ತಾಳವನ್ನೋ ಮಾತಿನ ಪಾತ್ರವನ್ನೋ ಕೊಟ್ಟು, ಕಂಠ ನೆಲೆಗೊಳ್ಳುವವರೆಗೆ ಕಾಯಬೇಕು. ಆ ಸಮಯದಲ್ಲಿ ಅವಮಾನ ಪಟ್ಟ ಬಾಲಕ ಮುಂದೆಂದೂ ಬಾಯಿ ತೆರೆಯದೆ ಹೋಗಬಹುದು.

ಎರಡನೆಯದು ಹಂಚಿಕೆ. ತಾಲೀಮಿನಲ್ಲಿ ದಿನವೂ ಪೂರ್ಣಕಂಠದಿಂದ ಕೂಗಿ ಹಾಡುವುದರಿಂದ ಪ್ರದರ್ಶನದ ಹೊತ್ತಿಗೆ ಕಂಠ ದಣಿದಿರುತ್ತದೆ. ಮಾತು, ನಡೆ, ತಾಳಗಳನ್ನು ಮೆಲುದನಿಯಲ್ಲಿ ಗಟ್ಟಿಮಾಡಿಕೊಂಡು, ಕೊನೆಯ ಕೆಲವು ತಾಲೀಮುಗಳನ್ನಷ್ಟೇ ಪೂರ್ಣಕಂಠದಿಂದ ನಡೆಸಬೇಕು. ದೀರ್ಘ ಪಾತ್ರವಾದರೆ ಹಾಡುಗಳನ್ನು ಕಡಿಮೆ ಮಾಡಿರಿ, ಇಲ್ಲವೇ ಪಾತ್ರವನ್ನು ಇಬ್ಬರಿಗೆ ಹಂಚಿರಿ. ಬಾಡಿಗೆಯ ಕಿರೀಟ, ಭುಜಕೀರ್ತಿಗಳು ಬರುವುದು ಆ ದಿನವೇ. ಆದುದರಿಂದ ತಾಲೀಮಿನಲ್ಲಿಯೇ ಸೊಂಟಕ್ಕೆ ಬಿಗಿಯಾದ ಪಟ್ಟಿ ಕಟ್ಟಿಕೊಂಡು ಹಾಡಿ ನೋಡಬೇಕು. ಡಾಬು ಬಿಗಿದಾಗ ಹೊಟ್ಟೆಯ ಉಸಿರು ಮೊಟಕಾಗುವುದೆಂಬುದು ಅನೇಕರಿಗೆ ರಂಗದ ಮೇಲೆಯೇ ತಿಳಿಯುತ್ತದೆ.

ಧ್ವನಿವರ್ಧಕವೂ ಹಂಚಿಕೆಯ ಒಂದು ಸಾಧನವೇ. ಮೈಕಿಗೂ ಬಾಯಿಗೂ ಸುಮಾರು ಒಂದು ಗೇಣು ಅಂತರವಿರಲಿ. ಧ್ವನಿಪೆಟ್ಟಿಗೆಗಳನ್ನು ಮೈಕಿಗಿಂತ ಮುಂದಕ್ಕೆ, ಪ್ರೇಕ್ಷಕರ ಕಡೆಗೆ ಮುಖಮಾಡಿ ಇರಿಸಿದರೆ ಕೀರಲು ಶಬ್ದ ಕಡಿಮೆಯಾಗುತ್ತದೆ. ಕಂಸಾಳೆಯ ಕಂಚಿನ ನಾದ ತೀಕ್ಷ್ಣವಾದುದರಿಂದ ಹಾಡುಗಾರನ ಮೈಕು ಅದರಿಂದ ದೂರವಿರಬೇಕು. ನಟನಿಗೆ ತನ್ನ ಧ್ವನಿ ತನಗೇ ಕೇಳಿಸದಿದ್ದರೆ ಅವನು ತಿಳಿಯದೆಯೇ ಕೂಗತೊಡಗುತ್ತಾನೆ. ರಂಗದ ಕಡೆಗೂ ಸಣ್ಣದೊಂದು ಧ್ವನಿಪೆಟ್ಟಿಗೆ ತಿರುಗಿರಲಿ.

ಮೂರನೆಯದು ವಿರಾಮ. ಪ್ರದರ್ಶನದ ಹಗಲು ನಿದ್ರೆಯೂ ಮಿತವಾದ ಮಾತೂ ಇರಲಿ. ಆಗಾಗ ಗುಟುಕು ನೀರು ಕುಡಿಯಬೇಕು. ಹೊಗೆಸೊಪ್ಪು, ಬೀಡಿ, ಮದ್ಯಗಳು ಕಂಠಕ್ಕೆ ವೈರಿಗಳು. ಪದೇಪದೇ ಕ್ಯಾಕರಿಸುವುದರಿಂದ ಧ್ವನಿತಂತುಗಳು ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ. ಕಂಠ ಕಟ್ಟಿದಾಗ ಪಿಸುಮಾತೂ ವಿಶ್ರಾಂತಿಯಲ್ಲ. ಒತ್ತಿ ಪಿಸುಗುಟ್ಟುವುದೂ ಶ್ರಮವೇ. ಆಗ ಮೌನವೇ ಮದ್ದು. ಗೊಗ್ಗರು ದನಿ ಎರಡು ಮೂರು ವಾರವಾದರೂ ಹೋಗದಿದ್ದಲ್ಲಿ ಮನೆಮದ್ದನ್ನು ನೆಚ್ಚಿ ಕೂರದೆ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣತಕ್ಕದ್ದು.

ಪಾಠ ಹೇಳುವ ಉಪಾಧ್ಯಾಯರಿಗೆ ಕಂಠವೇ ವೃತ್ತಿಯ ಬಂಡವಾಳವಾದುದರಿಂದ ಈ ಮಾತುಗಳು ಅವರಿಗೂ ಅನ್ವಯಿಸುತ್ತವೆ. ವಾರ್ಷಿಕೋತ್ಸವಕ್ಕೆ ನೆರವಾಗುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ವಿನಂತಿ: ಒಂದು ರಾತ್ರಿಯ ದೀಪಾಲಂಕಾರಕ್ಕೆ ಕೊಡುವುದರಲ್ಲಿ ಅಲ್ಪಭಾಗವನ್ನು ಒಂದು ತಂಬೂರಿಗೋ ಶ್ರುತಿಪೆಟ್ಟಿಗೆಗೋ ಮೀಸಲಿಟ್ಟರೆ, ಮಕ್ಕಳು ವರ್ಷವಿಡೀ ಶ್ರುತಿಯ ನೆರಳಿನಲ್ಲಿ ಹಾಡಿ ಬೆಳೆಯುವರು.