ಕಡಿದ ಗೆಲ್ಲು ಯಾರ ವ್ಯಾನಿನಲ್ಲಿ ಹೋಗುತ್ತದೆ?

ನಮ್ಮಲ್ಲಿ ಹಲಸಿನ ಮರವೊಂದನ್ನು ಕಡಿದರೆ ಬಿಸಾಡುವಂಥದ್ದು ಏನೂ ಉಳಿಯುವುದಿಲ್ಲ. ದಿಮ್ಮಿ ಮಿಲ್ಲಿಗೆ, ಗೆಲ್ಲು ಬಚ್ಚಲೊಲೆಗೆ, ಎಲೆ ಆಡಿಗೆ, ಮಿಕ್ಕ ಸೊಪ್ಪು ಹಟ್ಟಿಗೆ. ತೆಂಗಿನ ಮಡಲನ್ನಾಗಲಿ ಅಡಿಕೆಯ ಸೋಗೆಯನ್ನಾಗಲಿ ಕಸವೆಂದು ಕರೆದವರಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಹಿತ್ತಿಲಿನ ಮರ ಸವರಿದ ಮೇಲೆ ಬೇಡವೆಂದು ಸಾಗಿಸುವ ಗೆಲ್ಲು ಕಾನೂನಿನ ಪ್ರಕಾರ ಕಸ. ಕೆಲಸದ ಮೇರೆಗೆ ಅದನ್ನು ವ್ಯಾನಿಗೆ ತುಂಬಿಸಿಕೊಂಡು ಹೊರಡುವವನ ಹೆಸರು ಸರಕಾರದ ಪಟ್ಟಿಯಲ್ಲಿರಬೇಕು. ಮಕ್ಕಳೋ ಸಂಬಂಧಿಕರೋ ಅಲ್ಲಿ ಮನೆ ಮಾಡಿಕೊಂಡಿರುವ ಓದುಗರು ಈ ನಿಯಮವನ್ನು ತಿಳಿದು ಅವರಿಗೆ ತಿಳಿಸಿದರೆ ಒಳ್ಳೆಯದು.

ಮರ ಸವರುವವನನ್ನು ಅಲ್ಲಿ 'ಟ್ರೀ ಸರ್ಜನ್' ಎನ್ನುತ್ತಾರೆ. ಹೆಸರು ಕೇಳಿ ಆಸ್ಪತ್ರೆ ನೆನಪಾದರೂ ಕೆಲಸ ಮಾತ್ರ ಹಗ್ಗ ಕಟ್ಟಿ ಮರ ಹತ್ತಿ ಗರಗಸ ಹಿಡಿಯುವುದೇ. ಕಡಿದದ್ದನ್ನು ಸಾಗಿಸುವುದಕ್ಕೇ ಅವನಿಗೆ ದೊಡ್ಡ ಖರ್ಚು. ವ್ಯಾಪಾರದ ಕಸವನ್ನು ಒಪ್ಪಿಸಿಕೊಳ್ಳುವ ಕಡೆ ತೂಕಕ್ಕೋ ಲೋಡಿಗೋ ಹಣ ಕೊಡಬೇಕು. ಈ ಹಣ ಉಳಿಸಲು ರಾತ್ರಿ ಹೊತ್ತು ಯಾವುದಾದರೂ ಗದ್ದೆಯ ಬದಿಯಲ್ಲೋ ಓಣಿಯಲ್ಲೋ ಸುರಿದು ಹೋಗುವವರಿದ್ದಾರೆ. ಇದಕ್ಕೆ ಕಡಿವಾಣ ಹಾಕಲೆಂದು ಸಂಸದೆ ಜೋನ್ ರಡಕ್ ಖಾಸಗಿ ಮಸೂದೆ ಮಂಡಿಸಿದರು. ಅದು 1989ರಲ್ಲಿ ಕಾಯಿದೆಯಾಯಿತು. ಕಸ ಸಾಗಿಸುವವರು ಹೆಸರು ನೋಂದಾಯಿಸಬೇಕೆಂಬ ನಿಯಮ ಬಂದದ್ದು ಅದರಿಂದಲೇ. ಮರುವರ್ಷ, 1990ರ ಪರಿಸರ ಸಂರಕ್ಷಣಾ ಕಾಯಿದೆ ಕಸ ಹುಟ್ಟಿಸುವವನಿಂದ ಹಿಡಿದು ಕೊನೆಗೆ ಒಪ್ಪಿಸಿಕೊಳ್ಳುವವನವರೆಗೆ ಎಲ್ಲರಿಗೂ ಹೊಣೆ ಹೊರಿಸಿತು.

ನೋಂದಣಿಯಲ್ಲಿ ಎರಡು ದರ್ಜೆಗಳಿವೆ. ಗೊಂದಲ ಹುಟ್ಟುವುದು ಇಲ್ಲಿಯೇ. ತಾನೇ ಕಡಿದ ಗೆಲ್ಲನ್ನು ತಾನೇ ಸಾಗಿಸುವವನಿಗೆ ಕೆಳದರ್ಜೆ ಸಾಕು. ಆ ಕಸವನ್ನು ಹುಟ್ಟಿಸಿದವನು ಮರದ ಯಜಮಾನನಲ್ಲ, ಮರ ಕಡಿದವನು ಎಂದು ಕಾನೂನು ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನಲ್ಲಿ ಈ ದರ್ಜೆಗೆ ಶುಲ್ಕವಿಲ್ಲ, ನವೀಕರಣವೂ ಇಲ್ಲ. ಸ್ವಂತ ಕಸವನ್ನಷ್ಟೇ ಸಾಗಿಸುವವರು ಕೂಡ ಹೆಸರು ಬರೆಸಬೇಕೆಂಬ ನಿಯಮ 2014ರ ಆರಂಭದಿಂದ ಜಾರಿಯಲ್ಲಿದೆ.

ಈಗ ಮನೆಯ ಯಜಮಾನತಿ ಬಂದು, 'ಹೋದ ವಾರ ನಾವೇ ಕಡಿದ ಬೇಲಿಗಿಡದ ರಾಶಿ ಮೂಲೆಯಲ್ಲಿದೆ, ಅದನ್ನೂ ಒಯ್ದುಬಿಡಿ' ಎನ್ನುತ್ತಾಳೆ. ಸಣ್ಣ ಉಪಕಾರವೆಂದು ತೋರುತ್ತದೆ. ಆದರೆ ಆ ರಾಶಿ ಇನ್ನೊಬ್ಬರು ಹುಟ್ಟಿಸಿದ ಕಸ. ಅದನ್ನು ಒಯ್ಯಲು ಮೇಲ್ದರ್ಜೆಯ ನೋಂದಣಿ ಬೇಕು. ಹಳೆಯ ಮರದ ಬೇಲಿಯನ್ನು ಕಿತ್ತು ಒಯ್ದರೂ ಅಷ್ಟೇ. ಕಿತ್ತವನು ತಾನೇ ಆದರೂ ಅದು ಕಟ್ಟಡ ಕೆಡವಿದ ಕಸದ ಸಾಲಿಗೆ ಸೇರುತ್ತದೆ. ಮೇಲ್ದರ್ಜೆಗೆ ಶುಲ್ಕವಿದೆ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಂಥ ಕೋರಿಕೆ ಬಾರದ ಹಿತ್ತಿಲು ಅಪರೂಪವಾದ್ದರಿಂದ, ಈ ಕಸುಬಿಗೆ ಇಳಿಯುವವನು ಮೊದಲೇ ಮೇಲ್ದರ್ಜೆ ಮಾಡಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ. ನೋಂದಣಿಯಿಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ ಕೊಟ್ಟು ಮುಗಿಸುವ ಅವಕಾಶ ಸಿಗಬಹುದು. ನ್ಯಾಯಾಲಯಕ್ಕೆ ಹೋದರೆ ದಂಡಕ್ಕೆ ಮಿತಿಯಿಲ್ಲ, ವಾಹನವನ್ನೂ ಹಿಡಿದಿಟ್ಟುಕೊಳ್ಳಬಹುದು.

ಮರ ಕಡಿಸುವ ಮನೆಯವರೂ ಗಮನಿಸಬೇಕಾದದ್ದಿದೆ. ಗೆಲ್ಲು ಒಯ್ದವನು ಅದನ್ನು ಓಣಿಯಲ್ಲಿ ಸುರಿದು, ಅದು ಯಾರ ಹಿತ್ತಿಲಿನದೆಂದು ಪತ್ತೆಯಾದರೆ, ವಿಚಾರಿಸದೆ ಕೊಟ್ಟ ಮನೆಯವರಿಗೂ ದಂಡ ಬೀಳಬಹುದು. 2023ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಇದರ ಗರಿಷ್ಠ ಮೊತ್ತವನ್ನು 600 ಪೌಂಡಿಗೆ ಏರಿಸಲಾಯಿತು. ತಪ್ಪಿಸಿಕೊಳ್ಳುವ ದಾರಿ ಸುಲಭ: ಕೆಲಸಕ್ಕೆ ಒಪ್ಪುವ ಮೊದಲು ನೋಂದಣಿ ಸಂಖ್ಯೆ ಕೇಳಬೇಕು. ಇಂಗ್ಲೆಂಡಿನಲ್ಲಿ ಅದು ಮೇಲ್ದರ್ಜೆಯಾದರೆ ಸಿ.ಬಿ.ಡಿ.ಯು. ಎಂದೂ ಕೆಳದರ್ಜೆಯಾದರೆ ಸಿ.ಬಿ.ಡಿ.ಎಲ್. ಎಂದೂ ಶುರುವಾಗುತ್ತದೆ. ಪರಿಸರ ಏಜೆನ್ಸಿಯ ಪಟ್ಟಿಯನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಉಳಿದವರೆಲ್ಲರಿಗಿಂತ ಅರ್ಧ ಬೆಲೆ ಹೇಳಿದವನ ಸಂಖ್ಯೆಯನ್ನಂತೂ ನೋಡಲೇಬೇಕು. ಹಣಕ್ಕೆ ರಶೀದಿಯೂ ಇರಲಿ.

ಕಡಿದದ್ದೆಲ್ಲ ಕಸವೇ ಎಂದರೆ ಅಲ್ಲ. ಸೌದೆಯಾಗಿ ಉರಿಸಲು, ಅಥವಾ ಪುಡಿ ಮಾಡಿ ಗಿಡದ ಬುಡಕ್ಕೆ ಹೊದಿಸಲು ಖಚಿತವಾಗಿ ಬಳಕೆಯಾಗುವ ಹಸಿಮರವನ್ನು ಅಲ್ಲಿಯೂ ಕಸವೆಂದು ಎಣಿಸುವುದಿಲ್ಲ. 'ಮುಂದೆಂದಾದರೂ ಬೇಕಾದೀತು' ಎಂದು ಅಂಗಳದಲ್ಲಿ ರಾಶಿ ಹಾಕಿಟ್ಟರೆ ಮಾತ್ರ ಆ ವಾದ ನಿಲ್ಲದು. ಪುಡಿಯನ್ನು ಅದೇ ಹಿತ್ತಿಲಿನಲ್ಲಿ ಹರಡಿ ಬಂದರೆ ಸಾಗಿಸುವ ಪ್ರಶ್ನೆಯೇ ಬರುವುದಿಲ್ಲ, ಮಣ್ಣಿಗೂ ಲಾಭ.

ಗೆಲ್ಲಿನ ಜೊತೆ ರೋಗವೂ ಪ್ರಯಾಣ ಮಾಡುತ್ತದೆಂಬುದನ್ನು ಕೃಷಿಕರಿಗೆ ಹೇಳಬೇಕಾಗಿಲ್ಲ. ಕೊಳೆತ ತೆಂಗಿನ ಕಾಂಡದಲ್ಲಿ ಕುರುವಾಯಿ ಮರಿ ಮಾಡುವುದನ್ನು ನಾವು ಬಲ್ಲೆವು. ಬ್ರಿಟನ್ನಿನಲ್ಲಿ ಆ್ಯಶ್ ಮರದ ಶಿಲೀಂಧ್ರ ರೋಗ 2012ರಲ್ಲಿ ಪತ್ತೆಯಾಯಿತು. ಓಕ್ ಮರದ ಮೇಲೆ ಸಾಲಾಗಿ ಹರಿಯುವ ಕಂಬಳಿಹುಳ 2006ರಲ್ಲಿ ಲಂಡನ್ನಿನಲ್ಲಿ ಕಾಣಿಸಿತು. ಅದರ ಸೂಕ್ಷ್ಮ ರೋಮ ತಾಗಿದರೆ ಮೈ ತುರಿಸಿ ದದ್ದು ಏಳುತ್ತದೆ, ಕಣ್ಣು ಉರಿಯುತ್ತದೆ, ಕೆಲವರಿಗೆ ಉಸಿರಾಟದ ತೊಂದರೆಯೂ ಆಗುತ್ತದೆ. ಹುಳ ಹೋದ ಮೇಲೂ ಗೂಡಿನಲ್ಲಿ ರೋಮ ಉಳಿದಿರುತ್ತದೆ. ಅಂಥ ಗೂಡಿರುವ ಗೆಲ್ಲನ್ನು ಬರಿಗೈಯಿಂದ ಎಳೆಯಬಾರದು, ಪುಡಿ ಮಾಡುವ ಯಂತ್ರಕ್ಕೂ ಹಾಕಬಾರದು.

ವ್ಯಾಪಾರಿಯಿಂದ ವ್ಯಾಪಾರಿಗೆ ಕಸ ಕೈ ಬದಲಾಯಿಸುವಾಗ ಒಂದು ಚೀಟಿ ಬರೆಯಬೇಕು. ಏನು, ಎಷ್ಟು, ಎಲ್ಲಿಂದ, ಯಾರಿಗೆ ಎಂದು. ಇಬ್ಬರೂ ಅದನ್ನು ಎರಡು ವರ್ಷ ಜೋಪಾನವಾಗಿಡಬೇಕು. ತೋಟದ ಕಸಕ್ಕೆ 20 02 01 ಎಂಬ ಸಂಖ್ಯೆಯಿದೆ.

ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಲ್ಲಿ ನೋಂದಣಿ ನೋಡಿಕೊಳ್ಳುವ ಕಚೇರಿ ಬೇರೆ ಬೇರೆ. ಈ ನೋಂದಣಿಯನ್ನು ಕಟ್ಟುನಿಟ್ಟಿನ ಪರವಾನಿಗೆಯಾಗಿ ಬದಲಿಸುವ ಯೋಜನೆಯನ್ನು ಸರಕಾರ 2025ರಲ್ಲಿ ಪ್ರಕಟಿಸಿರುವುದರಿಂದ, ಕೆಲಸ ಆರಂಭಿಸುವ ದಿನ ನಿಯಮ ಏನಿದೆಯೆಂದು ಮತ್ತೊಮ್ಮೆ ನೋಡಿಕೊಳ್ಳಬೇಕು. ಓದಲು ಹೋದ ಮಕ್ಕಳಿಗೆ ಇನ್ನೊಂದು ಮಾತು: ವಿದ್ಯಾರ್ಥಿ ವೀಸಾದಲ್ಲಿರುವವರು ಅಲ್ಲಿ ಸ್ವಂತ ವ್ಯಾಪಾರ ಮಾಡುವಂತಿಲ್ಲ. ಕಸದ ನೋಂದಣಿ ಸಿಕ್ಕಿತೆಂದು ಆ ನಿರ್ಬಂಧ ಹೋಗುವುದಿಲ್ಲ.